ವಿದೇಶದಿಂದ ಮರಳಿದ ಮಗಳ ಮೊದಲ ವಾರಗಳು

ಒಂದು ಸೆಮಿಸ್ಟರ್ ವಿದೇಶ ಸುತ್ತಿ ಬಂದವಳಿಗೆ ಮೊದಲು ಬೇಕಿರುವುದು ನಿದ್ದೆ, ನೆಂಟರ ದಂಡಲ್ಲ. ಪ್ರತಿ ಗಂಟೆಯ ಸಮಯ ವ್ಯತ್ಯಾಸಕ್ಕೆ ದೇಹ ಹೊಂದಿಕೊಳ್ಳಲು ಸುಮಾರು ಒಂದು ದಿನ ಹಿಡಿಯುತ್ತದೆ. ಪೂರ್ವಕ್ಕೆ ಹಾರಿ ಬಂದಿದ್ದರೆ ಇನ್ನೂ ಕಷ್ಟ. ಹಗಲು ನಿದ್ದೆ 20-30 ನಿಮಿಷ ಸಾಕು, ಮಧ್ಯಾಹ್ನ 3ರ ನಂತರ ಬೇಡ.

ಸಿಡುಕು, ಮೌನ, ‘ಇಲ್ಲಿ ಎಲ್ಲಾ ಬೋರು’ ಎಂಬ ಮಾತು ಶುರುವಾಗುವುದು ಸಾಮಾನ್ಯವಾಗಿ ಮೊದಲ ಸಂಭ್ರಮ ಇಳಿದ ಮೇಲೆ. ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಇದನ್ನು ಡಬ್ಲ್ಯೂ (W) ಆಕಾರದ ರೇಖೆಯಾಗಿ ವಿವರಿಸಿದ್ದರು: ಮನಸ್ಸಿನ ಮೊದಲ ಕುಸಿತ ವಿದೇಶದಲ್ಲಿ, ಎರಡನೆಯದು ಮನೆಗೆ ಮರಳಿದ ಮೇಲೆ. ಸೊಕ್ಕು ಅಂದುಕೊಳ್ಳಬೇಡಿ. ಅಲ್ಲಿ ಒಬ್ಬಳೇ ಬಸ್ಸು ಹಿಡಿದು, ದುಡ್ಡಿನ ಲೆಕ್ಕ ನೋಡಿಕೊಂಡವಳಿಗೆ ಮನೆಯಲ್ಲಿ ಹಳೇ ನಿಯಮಗಳೇ ಎದುರಾದರೆ ಜಗಳ ಖಚಿತ. ಅವಳು ಅಲ್ಲಿಂದ ಹೊರಡುವ ಮೊದಲೇ ಈ ನಿಯಮಗಳ ಬಗ್ಗೆ ಫೋನಿನಲ್ಲಿ ಮಾತಾಡಿಕೊಳ್ಳಿ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅಷ್ಟೇ ಬರುತ್ತದೆ; ಒಂದು ಫೋಟೊ ತೋರಿಸಿ ಕೇಳಿ.

ಜ್ವರ ಬಂದರೆ ಹೋಗಿದ್ದ ದೇಶಗಳನ್ನು ವೈದ್ಯರಿಗೆ ತಪ್ಪದೆ ಹೇಳಿ: ಮಲೇರಿಯಾ ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು.