940 ಫಾರ್ಮ್: ಮೊದಲು ತಲೆ ಎಣಿಸಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಸಣ್ಣ ವ್ಯಾಪಾರಿಗಳ ಪೇರೋಲ್ ನೋಡಿಕೊಳ್ಳುವುದು ನಮ್ಮ ಕೆಲಸ. ಜನವರಿ ಬಂತೆಂದರೆ ಡಬ್ಲ್ಯೂ-2 (ನೌಕರನ ವರ್ಷದ ಸಂಬಳದ ಪತ್ರ), 941 (ಮೂರು ತಿಂಗಳಿಗೊಮ್ಮೆ ಕೊಡುವ ಪೇರೋಲ್ ತೆರಿಗೆ ಫಾರ್ಮ್), 940 (ನಿರುದ್ಯೋಗ ತೆರಿಗೆಯ ವಾರ್ಷಿಕ ಫಾರ್ಮ್) ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಎಲ್ಲಕ್ಕೂ 31ನೇ ತಾರೀಖೇ ಗಡುವು. ಇವುಗಳಲ್ಲಿ 940 ಸುಲಭ ಅಂತ ಹೊಸಬರ ಕೈಗೆ ಕೊಡುವುದುಂಟು. ಫಾರ್ಮ್ ಚಿಕ್ಕದು, ನಿಜ. ಲೆಕ್ಕ ಮಾತ್ರ ಸ್ವಲ್ಪ ವಿಚಿತ್ರ.

ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ವ್ಯವಸ್ಥೆಗಾಗಿ ಫೆಡರಲ್ (ಕೇಂದ್ರ) ಸರ್ಕಾರ ವಸೂಲು ಮಾಡುವ ತೆರಿಗೆಯ ಲೆಕ್ಕ 940ರಲ್ಲಿ ಇರುತ್ತದೆ. ಆ ತೆರಿಗೆಗೆ ಫ್ಯೂಟಾ ಅಂತಾರೆ. ನಮ್ಮ ಪಿಎಫ್, ಇಎಸ್‌ಐ ನೋಡಿ ಬಂದವರು ಮೊದಲು ಕೇಳುವುದು "ನೌಕರನ ಪಾಲು ಎಷ್ಟು?" ಅಂತ. ಪಾಲೇ ಇಲ್ಲ. ಪೂರ್ತಿ ಮಾಲೀಕನೇ ಕಟ್ಟಬೇಕು, ಸಂಬಳದಿಂದ ಒಂದು ಸೆಂಟ್ ಕೂಡ ಹಿಡಿಯುವಂತಿಲ್ಲ.

ದರ 6%. ಆದರೆ ಒಬ್ಬೊಬ್ಬರ ಸಂಬಳದಲ್ಲೂ ವರ್ಷದ ಮೊದಲ 7,000 ಡಾಲರಿಗೆ ಮಾತ್ರ. ಈ ಮಿತಿ 1983ರಿಂದ ಒಂದು ಡಾಲರ್ ಕೂಡ ಏರಿಲ್ಲ. ರಾಜ್ಯದ ನಿರುದ್ಯೋಗ ತೆರಿಗೆಯನ್ನು ಸಮಯಕ್ಕೆ ಸರಿಯಾಗಿ ಕಟ್ಟಿದ್ದರೆ 5.4% ಕ್ರೆಡಿಟ್, ಅಂದರೆ ವಿನಾಯಿತಿ, ಸಿಗುತ್ತದೆ. ಉಳಿಯುವುದು 0.6%, ಅಂದರೆ ತಲೆಗೆ 42 ಡಾಲರ್.

ಈಗ ನೋಡಿ. ಹತ್ತು ಜನರ ಸಾಫ್ಟ್‌ವೇರ್ ಕಂಪನಿ ಇದೆ ಅಂದುಕೊಳ್ಳಿ. ಸಂಬಳ ಎಷ್ಟೇ ದೊಡ್ಡದಿರಲಿ, ಫ್ಯೂಟಾ 420 ಡಾಲರ್. ಪಕ್ಕದಲ್ಲೊಂದು ಹೋಟೆಲ್. ಅಲ್ಲೂ ಯಾವಾಗ ನೋಡಿದರೂ ಹತ್ತೇ ಜನ. ಆದರೆ ನಾಲ್ಕು ತಿಂಗಳಿಗೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುತ್ತಾರೆ. ವರ್ಷದ ಪಟ್ಟಿಯಲ್ಲಿ ಮೂವತ್ತು ಹೆಸರು. ಎಲ್ಲರೂ 7,000 ದಾಟಿದ್ದರೆ 1,260 ಡಾಲರ್! ಹೊಸಬ ಬಂದಾಗಲೆಲ್ಲ ಮಿತಿ ಮತ್ತೆ ಸೊನ್ನೆಯಿಂದ ಶುರು. ಬಿಟ್ಟು ಹೋದವನೇ ಅದೇ ವರ್ಷ ಅದೇ ಹೋಟೆಲಿಗೆ ವಾಪಸ್ ಬಂದರೆ ಮಾತ್ರ ಹಳೆಯ ಲೆಕ್ಕವೇ ಮುಂದುವರಿಯುತ್ತದೆ. ಹಾಗಾಗಿ ನಾನು ಮೊದಲು ತೆರೆಯುವುದು ವರ್ಷದ ಹೆಸರಿನ ಪಟ್ಟಿ. ಸಂಬಳದ ಒಟ್ಟು ಮೊತ್ತ ಆಮೇಲೆ.

ಎರಡನೆಯದು ರಾಜ್ಯ. ಕೋವಿಡ್ ಹೊತ್ತಿನಲ್ಲಿ ಭತ್ಯೆ ಕೊಡಲು ಕ್ಯಾಲಿಫೋರ್ನಿಯಾ ಫೆಡರಲ್ ಸರ್ಕಾರದಿಂದ ಸಾಲ ತಂದಿತು. ತೀರಿಸಲಿಲ್ಲ. ಸಾಲ ಹೀಗೆ ಉಳಿದರೆ ಆ ರಾಜ್ಯದ ಮಾಲೀಕರಿಗೆ ಸಿಗುವ ಕ್ರೆಡಿಟ್ಟನ್ನು ವರ್ಷವರ್ಷಕ್ಕೂ ಕಡಿಮೆ ಮಾಡುತ್ತಾರೆ. 2022ರಲ್ಲಿ 0.3%, 2023ರಲ್ಲಿ 0.6%, 2024ರಲ್ಲಿ 0.9%. 0.6ಕ್ಕೆ 0.9 ಸೇರಿ ದರ 1.5% ಆಗಿ, ತಲೆಗೆ 42 ಇದ್ದದ್ದು 2024ಕ್ಕೆ 105 ಆಯಿತು. ಅದೇ ಮೂವತ್ತು ಹೆಸರಿನ ಹೋಟೆಲ್ ಅಲ್ಲಿದ್ದರೆ 3,150 ಡಾಲರ್. ಸಾಲ ಮಾಡಿದ್ದು ರಾಜ್ಯ, ತೀರಿಸುವುದು ಹೋಟೆಲಿನವನು. ಅವನು ಫೋನಿನಲ್ಲಿ ರೇಗಿದರೆ ತಪ್ಪೇನಿದೆ ಹೇಳಿ?

ಇದರಲ್ಲಿ ನಿಜವಾಗಿ ಕಷ್ಟ ಕೊಡುವುದು ದುಡ್ಡು ಹೊಂದಿಸುವುದು. ಮಾಮೂಲಿ ಫ್ಯೂಟಾ ಬಾಕಿ 500 ಡಾಲರ್ ದಾಟಿದ ತ್ರೈಮಾಸಿಕದ ಮುಂದಿನ ತಿಂಗಳ ಕೊನೆಗೆ ಕಟ್ಟಬೇಕು. ದಾಟದಿದ್ದರೆ ಮುಂದಕ್ಕೆ ಹೋಗುತ್ತದೆ. ಆದರೆ ಕ್ರೆಡಿಟ್ ಕಡಿತದ ಹೆಚ್ಚುವರಿ ಪೂರ್ತಿಯಾಗಿ ನಾಲ್ಕನೇ ತ್ರೈಮಾಸಿಕದ ಲೆಕ್ಕಕ್ಕೆ ಸೇರುತ್ತದೆ. ಆ ಹೋಟೆಲಿನವನ 3,150ರಲ್ಲಿ ಮಾಮೂಲಿ 1,260 ಕಳೆದರೆ ಉಳಿಯುವ 1,890 ಡಾಲರ್ ಒಂದೇ ಏಟಿಗೆ ಜನವರಿ 31ಕ್ಕೆ ಬೇಕು. ರಾಜ್ಯಗಳಿಗೆ ಸಾಲ ತೀರಿಸಲು ನವೆಂಬರ್ 10 ಕೊನೆ ದಿನ. ಅದು ಕಳೆದು ಕ್ರೆಡಿಟ್ ಕಡಿತದ ರಾಜ್ಯಗಳ ಪಟ್ಟಿ ಬಂದ ತಕ್ಷಣ ಅಲ್ಲಿನ ಕ್ಲೈಂಟ್‌ಗಳಿಗೆ ಮೇಲ್ ಹಾಕುತ್ತೇವೆ: ಇಷ್ಟು ಹೆಸರು, ಇಷ್ಟು ದುಡ್ಡು, ಈಗಲೇ ಎತ್ತಿಡಿ. ಫಾರ್ಮಿನ ಜೊತೆ ಈ ಕಡಿತದ ಲೆಕ್ಕ ತೋರಿಸುವ ಶೆಡ್ಯೂಲ್ ಎ ಕೂಡ ಹೋಗಬೇಕು.

ನಮ್ಮ ಕಡೆಯ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡವರು ಕೇಳುವ ಪ್ರಶ್ನೆ ಇನ್ನೊಂದಿದೆ. ಎಚ್-1ಬಿ ನೌಕರರಿಗೂ ಫ್ಯೂಟಾ ಕಟ್ಟಬೇಕು. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಒಪಿಟಿ, ಅಂದರೆ ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸ, ಮಾಡುತ್ತಿರುವವರಿಗೆ, ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿರುವವರೆಗೆ, ಬೇಡ. ಹಾಗಾಗಿ ವೀಸಾ ಬದಲಾದ ತಾರೀಖು ಕೇಳಿ ಇಟ್ಟುಕೊಳ್ಳುತ್ತೇನೆ.

ಇನ್ನು ಫ್ಯೂಟಾ ಬಾಕಿಯನ್ನೆಲ್ಲ ಸಮಯಕ್ಕೆ ಪೂರ್ತಿ ಕಟ್ಟಿದವರಿಗೆ ಫಾರ್ಮ್ ಸಲ್ಲಿಸಲು ಫೆಬ್ರವರಿ 10ರವರೆಗೆ ಸಮಯ ಇದೆ. ಅಂಥವರ ಫೈಲುಗಳನ್ನು ಬೇರೆ ಇಟ್ಟು, ಡಬ್ಲ್ಯೂ-2 ಗದ್ದಲ ಮುಗಿದ ಮೇಲೆ ಕೈಗೆತ್ತಿಕೊಳ್ಳುತ್ತೇನೆ.