ಕೇಬಲ್ ಕಾಣುತ್ತದೆ, ಪೋರ್ಟ್ ಹುಟ್ಟಲ್ಲ: ಡಿವೈಸಿಗೂ ಡ್ರೈವರಿಗೂ ಗಂಟು ಹಾಕುವುದು

ದಾವಣಗೆರೆ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ಬರುವ ದಿನಗಳಲ್ಲಿ ದಲ್ಲಾಳಿ ಅಂಗಡಿಯ ತಕ್ಕಡಿಯಿಂದ ತೂಕ ಸೀದಾ ಬಿಲ್ಲಿಂಗ್ ಕಂಪ್ಯೂಟರಿಗೆ ಇಳಿಯಬೇಕು. ತಕ್ಕಡಿಯ ಬೆನ್ನಿಗಿರುವುದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಕಂಪ್ಯೂಟರಿಗಿರುವುದು ಯುಎಸ್‌ಬಿ. ನಡುವೆ ಒಂದು ಕನ್ವರ್ಟರ್ ಕೇಬಲ್. ಲಿನಕ್ಸ್ ಯಂತ್ರಕ್ಕೆ ಅದನ್ನು ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಕಮಾಂಡು ಹೊಡೆದರೆ 1ಎ86:7523 (ವೆಂಡರ್ ಐಡಿ, ಪ್ರಾಡಕ್ಟ್ ಐಡಿ) ಅಂತ ಕಾಣುತ್ತದೆ. ಆದರೆ ತೂಕ ಓದಬೇಕಾದ ಪೋರ್ಟ್, ಅಂದರೆ /ಡೆವ್/ಟಿಟಿವೈಯುಎಸ್‌ಬಿ0, ಇಲ್ಲ. ಕೂಡಲೇ ಡ್ರೈವರ್ ಡೌನ್‌ಲೋಡ್ ಮಾಡಲು ಓಡಬೇಡಿ. ಈ ಚಿಪ್ಪಿನ ಸಿಎಚ್341 ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಇಲ್ಲಿ ಕೆಟ್ಟಿರುವುದು ಡಿವೈಸಿಗೂ ಡ್ರೈವರಿಗೂ ನಡುವಿನ ಗಂಟು.

(ಕಮಾಂಡು, ಕಡತದ ದಾರಿಗಳನ್ನು ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ; ttyUSB0 ಒಳಗಿನ USB ಮಾತ್ರ ದೊಡ್ಡಕ್ಷರ.)

ಕರ್ನಲ್ಲಿನಲ್ಲಿ ಪ್ರತಿ ಬಸ್ಸಿಗೂ (ಯುಎಸ್‌ಬಿ, ಪಿಸಿಐನಂಥ ಸಂಪರ್ಕದ ದಾರಿ) ಎರಡು ಪಟ್ಟಿ ಇರುತ್ತವೆ, ಒಂದು ಡಿವೈಸ್‌ಗಳದ್ದು, ಇನ್ನೊಂದು ಡ್ರೈವರ್‌ಗಳದ್ದು. ಯಾವ ಪಟ್ಟಿಗೆ ಹೊಸಬರು ಬಂದರೂ ಬಸ್ಸಿನ ಮ್ಯಾಚ್ ಫಂಕ್ಷನ್ ಐಡಿಗಳನ್ನು ತಾಳೆ ನೋಡುತ್ತದೆ. ತಾಳೆಯಾದರೆ ಡ್ರೈವರಿನ ಪ್ರೋಬ್ ಫಂಕ್ಷನ್ನಿಗೆ ಕರೆ ಹೋಗುತ್ತದೆ. ಜಾತಕ ಕೂಡಿದ ಮಾತ್ರಕ್ಕೆ ಮದುವೆ ಆದಂತಲ್ಲ. ಪ್ರೋಬ್ ಸೊನ್ನೆ ಹಿಂದಿರುಗಿಸಿದರೆ ಮಾತ್ರ ಗಂಟು ಬಿದ್ದಂತೆ.

ಯುಎಸ್‌ಬಿಯಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಉದಾಹರಣೆಗೆ 1-2 (1ನೇ ಬಸ್ಸಿನ 2ನೇ ಪೋರ್ಟು) ಅನ್ನುವುದು ಇಡೀ ಡಿವೈಸ್, 1-2:1.0 ಅನ್ನುವುದು ಅದರೊಳಗಿನ ಇಂಟರ್‌ಫೇಸ್. ಸಿಎಚ್341ರಂಥ ಡ್ರೈವರ್ ಅಂಟಿಕೊಳ್ಳುವುದು ಇಂಟರ್‌ಫೇಸಿಗೆ. 1-2 ಒಳಗೆ ಹೋಗಿ ನೋಡಿದರೆ ಅಲ್ಲಿಯ ಡ್ರೈವರ್ ಕೊಂಡಿ 'ಯುಎಸ್‌ಬಿ' ಅನ್ನುವ ಸಾಮಾನ್ಯ ಡ್ರೈವರಿನತ್ತ ತೋರಿಸುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ನೋಡಬೇಕಾದ್ದು ಇದನ್ನು:

/ಸಿಸ್/ಬಸ್/ಯುಎಸ್‌ಬಿ/ಡಿವೈಸಸ್/1-2:1.0/ಡ್ರೈವರ್

ಈ ಕೊಂಡಿ ಇಲ್ಲದಿದ್ದರೆ ಅದೇ ಫೋಲ್ಡರಿನ ಮಾಡ್‌ಅಲಿಯಾಸ್ (modalias) ಕಡತದಲ್ಲಿರುವ ಉದ್ದನೆಯ ಸಾಲನ್ನು, ಡ್ರೈವರ್ ಮಾಡ್ಯೂಲ್‌ಗಳನ್ನು ಹುಡುಕಿ ಲೋಡ್ ಮಾಡುವ ಮಾಡ್‌ಪ್ರೋಬ್‌ಗೆ ದೊಡ್ಡ ಆರ್ ಆಯ್ಕೆಯ ಜೊತೆ ಕೊಡಿ. ಯಾವ ಮಾಡ್ಯೂಲೂ ಬರದಿದ್ದರೆ ಈ ಐಡಿ ಯಾವ ಡ್ರೈವರಿನ ಪಟ್ಟಿಯಲ್ಲೂ ಇಲ್ಲ, ಅಥವಾ ಮಾಡ್ಯೂಲ್ ಫೋಲ್ಡರೇ ಸರಿಯಿಲ್ಲ. ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡದೆ ಬಿಟ್ಟರೆ ಕೆಲವು ಡಿಸ್ಟ್ರೋಗಳಲ್ಲಿ ಹಳೆಯ ಮಾಡ್ಯೂಲ್‌ಗಳು ಅಳಿಸಿಹೋಗಿರುತ್ತವೆ. ಅಂಥ ಕಡೆ ರೀಬೂಟೇ ಮದ್ದು. ಹೆಸರು ಬಂದರೂ ಲೋಡ್ ಆಗಿಲ್ಲವೆಂದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಆ ಮಾಡ್ಯೂಲನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಸಾಲು ಹುಡುಕಿ. ಲೋಡೂ ಆಗಿದ್ದರೆ ಪ್ರೋಬ್ ಸೋತಿದೆ, ಕರ್ನಲ್ಲಿನ ಸಂದೇಶ ತೋರಿಸುವ ಡಿಮೆಸ್ಸೇಜ್ (dmesg) ಕಾರಣ ಹೇಳುತ್ತದೆ. -110 ಅಂದರೆ ಕಾದರೂ ಉತ್ತರ ಬರಲಿಲ್ಲ ಅಂತ: ಹಬ್ ಬಿಟ್ಟು ಸೀದಾ ಕಂಪ್ಯೂಟರಿನ ಬೆನ್ನಿಗಿರುವ ಪೋರ್ಟಿಗೆ ಚುಚ್ಚಿ ನೋಡಿ.

ಕೈಯಾರೆ ಗಂಟು ಬಿಚ್ಚಿ ಕಟ್ಟುವ ಸೌಲಭ್ಯ 2005ರ 2.6.13 ಕರ್ನಲ್ಲಿನಿಂದ ಇದೆ. ಕೇಬಲ್ ಕಿತ್ತು ಚುಚ್ಚುವ ಬದಲು 1-2:1.0 ಅನ್ನುವ ಹೆಸರನ್ನು /ಸಿಸ್/ಬಸ್/ಯುಎಸ್‌ಬಿ/ಡ್ರೈವರ್ಸ್/ಸಿಎಚ್341/ಅನ್‌ಬೈಂಡ್ ಕಡತಕ್ಕೆ ಬರೆಯಿರಿ, ಆಮೇಲೆ ಅದೇ ಫೋಲ್ಡರಿನ ಬೈಂಡ್‌ಗೆ. ಸುಡೋ ಎಕೋ ಹಾಕಿ ಬಾಣದ ಗುರುತಿನಿಂದ ತಿರುಗಿಸಿದರೆ 'ಅನುಮತಿಯಿಲ್ಲ' ಅನ್ನುತ್ತದೆ, ಯಾಕೆಂದರೆ ಕಡತ ತೆರೆಯುವುದು ನಿಮ್ಮ ಶೆಲ್, ಸುಡೋ ಅಲ್ಲ. ಎಕೋವನ್ನು ಪೈಪ್ ಮಾಡಿ ಸುಡೋ ಟೀಗೆ ಕೊಡಿ. ಬಿಚ್ಚುವ ಮುಂಚೆ ಬಿಲ್ಲಿಂಗ್ ತಂತ್ರಾಂಶವನ್ನೂ ಮುಚ್ಚಿ. ಅದು ಹಳೇ ಪೋರ್ಟನ್ನು ಹಿಡಿದುಕೊಂಡೇ ಇದ್ದರೆ 0 ಖಾಲಿಯಾಗುವುದಿಲ್ಲ, ಹೊಸದು ಟಿಟಿವೈಯುಎಸ್‌ಬಿ1 ಆಗಿ ಹುಟ್ಟುತ್ತದೆ, ತೂಕ ಬರುವುದಿಲ್ಲ.

ಬೈಂಡ್ ಮಾಡಿದಾಗ 'ಅಂಥ ಡಿವೈಸ್ ಇಲ್ಲ' ಅನ್ನುವ ಉತ್ತರ ಬರಬಹುದು. ಕಣ್ಣೆದುರೇ ಇರುವ ಡಿವೈಸನ್ನು ಇಲ್ಲ ಅನ್ನುವುದು ಕರ್ನಲ್ಲಿನ ಕೆಟ್ಟ ಮಾತುಗಾರಿಕೆ. ಹೆಸರು ಸರಿಯಾಗಿಯೇ ಬರೆದಿದ್ದರೆ ಸಾಮಾನ್ಯವಾಗಿ ಅದರರ್ಥ, ಐಡಿ ತಾಳೆಯಾಗಲಿಲ್ಲ. ಎಫ್‌ಟಿಡಿಐ ಅನ್ನುವ ಇನ್ನೊಂದು ಕಂಪನಿಯ ಕನ್ವರ್ಟರ್ ಚಿಪ್ಪಿಗೆ ಕೇಬಲ್ ತಯಾರಕರು ತಮ್ಮದೇ ಪ್ರಾಡಕ್ಟ್ ಐಡಿ ಬರೆದಿದ್ದರೆ ಹೀಗಾಗುತ್ತದೆ. ಆಗ ಎಫ್‌ಟಿಡಿಐ_ಎಸ್‌ಐಒ ಮಾಡ್ಯೂಲನ್ನು ಲೋಡ್ ಮಾಡಿ, ವೆಂಡರ್ ಐಡಿ, ಒಂದು ಖಾಲಿ ಜಾಗ, ಪ್ರಾಡಕ್ಟ್ ಐಡಿ, ಎರಡೂ ಹೆಕ್ಸ್‌ನಲ್ಲಿ, ನ್ಯೂ_ಐಡಿ ಕಡತಕ್ಕೆ ಬರೆಯಬೇಕು. ಆ ಕಡತ ಇರುವುದು /ಸಿಸ್/ಬಸ್/ಯುಎಸ್‌ಬಿ-ಸೀರಿಯಲ್/ಡ್ರೈವರ್ಸ್/ಎಫ್‌ಟಿಡಿಐ_ಎಸ್‌ಐಒ ಕೆಳಗೆ. ಬರೀ ಯುಎಸ್‌ಬಿ ಬಸ್ಸಿನಡಿ ಹುಡುಕಿದರೆ ಸಿಗುವುದಿಲ್ಲ. ರೀಬೂಟ್ ಆದರೆ ಬರೆದದ್ದು ಹೋಗುತ್ತದೆ, ಖಾಯಂ ಬೇಕಾದರೆ ಯುಡೆವ್ (ಡಿವೈಸ್ ಬಂದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ತಂತ್ರಾಂಶ) ನಿಯಮವಾಗಿ ಹಾಕಿ. ಒಳಗಿರುವ ಚಿಪ್ ಅದೇ ಅಂತ ಖಾತ್ರಿಯಿಲ್ಲದೆ ಐಡಿ ಸೇರಿಸಬೇಡಿ.

ಇನ್ನು ಉಬುಂಟು 22.04ರ ಕಥೆಯೇ ಬೇರೆ. ಅಲ್ಲಿ ಗಂಟು ಬೀಳುತ್ತದೆ, ಮರುಕ್ಷಣ ಬಿಚ್ಚಿಹೋಗುತ್ತದೆ. ಡಿಮೆಸ್ಸೇಜಿನಲ್ಲಿ ಟಿಟಿವೈಯುಎಸ್‌ಬಿ0ಗೆ ಅಂಟಿದ ಸಾಲು, ಅದರ ಬೆನ್ನಿಗೇ ಬ್ರೆಲ್‌ಟಿಟಿವೈ ಅನ್ನುವ ಹೆಸರು, ಆಮೇಲೆ ಸಂಪರ್ಕ ತಪ್ಪಿದ ಸಾಲು. ಅಂಧರು ಬಳಸುವ ಬ್ರೈಲ್ ಪರದೆಗಳಿಗಾಗಿ ಇರುವ ತಂತ್ರಾಂಶ ಅದು. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ 1ಎ86:7523 ಚಿಪ್ ಇರುವುದರಿಂದ ಅದರ ಯುಡೆವ್ ನಿಯಮ ತಕ್ಕಡಿಯ ಕೇಬಲನ್ನೂ ತನ್ನದೇ ಅಂದುಕೊಂಡು ಕಸಿಯುತ್ತದೆ. ಆ ಯಂತ್ರದಲ್ಲಿ ಬ್ರೈಲ್ ಪರದೆ ಯಾರೂ ಬಳಸದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ. ಬಳಸುವವರಿದ್ದರೆ ನಿಯಮದ ಕಡತವನ್ನು ಅದೇ ಹೆಸರಿನಲ್ಲಿ /ಇಟಿಸಿ/ಯುಡೆವ್/ರೂಲ್ಸ್.ಡಿ ಗೆ ನಕಲು ಮಾಡಿ, ಆ ಐಡಿಯ ಸಾಲಿಗಷ್ಟೇ ಹ್ಯಾಶ್ ಹಾಕಿ. ಮೂಲ ಕಡತ ತಿದ್ದಿದರೆ ಮುಂದಿನ ಅಪ್‌ಡೇಟಿಗೆ ನಿಮ್ಮ ತಿದ್ದುಪಡಿ ಗುಡಿಸಿಹೋಗುತ್ತದೆ.

ಯುಎಸ್‌ಬಿ ಬಿಟ್ಟು, ಕಂಪ್ಯೂಟರಿನೊಳಗೆ ಕೂರುವ ಪಿಸಿಐ ಕಾರ್ಡುಗಳಿಗೆ ನ್ಯೂ_ಐಡಿಗಿಂತ ಡ್ರೈವರ್_ಓವರ್‌ರೈಡ್ ಅನ್ನುವ ಕಡತ ವಾಸಿ. ಒಂದೇ ಐಡಿಯ ಎರಡು ಕಾರ್ಡಿದ್ದಾಗ ಬೇಕಾದ ಒಂದನ್ನು ಮಾತ್ರ ಬೇರೆ ಡ್ರೈವರಿಗೆ ಕೊಡಬಹುದು.

ಪೋರ್ಟ್ ಹುಟ್ಟಿದ ಮೇಲೂ 'ಅನುಮತಿಯಿಲ್ಲ' ಅಂದರೆ ಅದು ಗಂಟಿನ ತಕರಾರಲ್ಲ; ಉಬುಂಟುವಿನಲ್ಲಿ ಬಳಕೆದಾರರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಎರಡು ತಕ್ಕಡಿಗಳಿದ್ದರೆ ಬಿಲ್ಲಿಂಗ್ ತಂತ್ರಾಂಶಕ್ಕೆ ಟಿಟಿವೈಯುಎಸ್‌ಬಿ0, 1 ಅಂತ ಕೊಡಬೇಡಿ, ಕರೆಂಟು ಹೋಗಿ ಬಂದಾಗ ಅದಲುಬದಲಾಗಬಹುದು. ಈ ಅಗ್ಗದ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ, ಹಾಗಾಗಿ ಆ ನಂಬರಿನ ಮೇಲೆ ಹೆಸರಿಡುವ /ಡೆವ್/ಸೀರಿಯಲ್/ಬೈ-ಐಡಿಯೂ ಕೈಕೊಡುತ್ತದೆ. /ಡೆವ್/ಸೀರಿಯಲ್/ಬೈ-ಪಾಥ್ ಕೆಳಗಿನ ಹೆಸರು ಕೊಡಿ, ಯಾವ ಕೇಬಲ್ ಯಾವ ತೂತಿಗೆ ಅಂತ ಕಂಪ್ಯೂಟರಿನ ಬೆನ್ನಿಗೆ ಚೀಟಿ ಅಂಟಿಸಿ.