ಕೆರೆ ಕಾದವರ ಹೆಸರಲ್ಲಿ ಏನು ಮಾಡಿಸೋಣ?

"ನಮ್ಮೂರ ಕೆರೆಗೆ ಇಪ್ಪತ್ತು ವರ್ಷ ದುಡಿದ ಯಜಮಾನರು ತೀರಿಕೊಂಡರು. ಸಂಬಳ ಇರಲಿಲ್ಲ, ಹುದ್ದೆ ಇರಲಿಲ್ಲ. ಅವರ ಹೆಸರಲ್ಲಿ ಏರಿ ಮೇಲೆ ಒಂದು ಕಲ್ಲು ಹಾಕಿಸಿ, ನಾಲ್ಕು ಗಿಡ ನೆಡೋಣ ಅಂತಿದ್ದೀವಿ. ಸರಿ ತಾನೇ?"

ಮುಳಬಾಗಿಲು, ಶಿಡ್ಲಘಟ್ಟ, ಮಧುಗಿರಿ ಕಡೆಯ ಕೆರೆ ಬಳಗದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ತಿಥಿ ಊಟದ ಪಂಕ್ತಿಯಲ್ಲೇ ಚಂದಾ ಎದ್ದಿರುತ್ತದೆ, ಕಲ್ಲಿಗೆ ಮುಂಗಡವೂ ಹೋಗಿರುತ್ತದೆ. ನಮ್ಮ ಉತ್ತರ: ಕಲ್ಲು ಹಾಕಿಸಿ, ಏರಿ ಮೇಲೆ ಬೇಡ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಬೇರೆ ಇದೆ.

ಅಂಥವರು ಹೋದಾಗ ಮನೆಯಲ್ಲಿ ಸಿಗುವುದು ಒಂದು ಬೀಗದ ಕೈ ಗೊಂಚಲು. ಯಾವ ಕೀಲಿ ಯಾವುದರದ್ದು ಎಂಬುದು ಅವರ ಜೊತೆಗೇ ಹೋಗಿರುತ್ತದೆ. ಆದ್ದರಿಂದ ಹದಿನೈದು ದಿನ ಕಳೆಯುವ ಮುಂಚೆ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಮೀನು ಹಿಡಿಯುವವರು, ಏರಿ ಕೆಳಗಿನ ಕೊನೆಯ ಗದ್ದೆಯವರು, ಅವರ ಮನೆಯವರೊಬ್ಬರು, ಇಷ್ಟು ಜನ ಸೇರಿ ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಐವತ್ತು ಹೆಜ್ಜೆಗೊಮ್ಮೆ ನಿಂತು ಬರೆದುಕೊಳ್ಳಿ. ಕೆರೆ ತುಂಬಿದಾಗ ಏರಿಯ ಹಿಂಬದಿ ಎಲ್ಲಿ ಒದ್ದೆಯಾಗುತ್ತದೆ? ಜಿನುಗುವ ನೀರು ತಿಳಿಯಾಗಿದೆಯೋ, ಮಣ್ಣು ಕಲಸಿಕೊಂಡು ಬರುತ್ತದೋ? ತಿಳಿ ನೀರಾದರೆ ಕಣ್ಣಿಟ್ಟರೆ ಸಾಕು. ಕೆಂಪಗೆ ಬಂದರೆ ಒಳಗೆ ಏರಿ ಕೊರೆಯುತ್ತಿದೆ ಎಂದರ್ಥ, ಅದೇ ದಿನ ಪಂಚಾಯಿತಿಗೋ ಸಣ್ಣ ನೀರಾವರಿ ಇಲಾಖೆಗೋ ಹೇಳಬೇಕು. ಗದ್ದೆಗೆ ನೀರು ಬಿಡುವ ಕಂಡಿ, ಅಂದರೆ ತೂಬಿನ ಚಕ್ರ ಎಷ್ಟು ಸುತ್ತು ತಿರುಗಿಸಿದರೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆ? ಕೆರೆಗೆ ನೀರು ತರುವ ರಾಜಕಾಲುವೆ ಯಾವ ಮೋರಿಯ ಹತ್ತಿರ ಮೊದಲು ಕಟ್ಟಿಕೊಳ್ಳುತ್ತದೆ? ಯಾವ ಜೆಸಿಬಿಯವರು ರಾತ್ರಿ ಕರೆದರೂ ಬರುತ್ತಾರೆ?

ತೂಬಿನ ತಿರುಪಿಗೆ ಗ್ರೀಸ್ ಹಚ್ಚುವ ತಿಂಗಳನ್ನೂ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ಹಚ್ಚಬೇಕು. ಹಾಗೇ ಬಿಟ್ಟರೆ ತಿರುಪು ತುಕ್ಕು ಹಿಡಿಯುತ್ತದೆ, ಯಾರೋ ಚಕ್ರಕ್ಕೆ ಹಾರೆ ಕೊಟ್ಟು ಮೀಟುತ್ತಾರೆ, ಸರಳು ಬಾಗುತ್ತದೆ. ಬಾಗಿದ ಸರಳಿನ ಬಾಗಿಲು ಅರ್ಧಕ್ಕೇ ನಿಂತರೆ ಕೆರೆ ತೂಬಿನ ಮಟ್ಟದವರೆಗೂ ಖಾಲಿ. ಹೀಗೆ ಬರೆದುಕೊಂಡ ಪುಸ್ತಕಕ್ಕೆ ಎರಡು ಪ್ರತಿ ಇರಲಿ: ಒಂದು ಪಂಚಾಯಿತಿಗೆ, ಇನ್ನೊಂದು ಸದಾ ತೆರೆದಿರುವ ಅಂಗಡಿಗೆ.

ಈಗ ಕಲ್ಲಿನ ವಿಚಾರ. ಏರಿ ಎಂದರೆ ತುಳಿದು ತುಳಿದು ಗಟ್ಟಿಯಾದ ಮಣ್ಣು. ಅದರಲ್ಲಿ ಎರಡಡಿ ಗುಂಡಿ ತೋಡಿ ಕಲ್ಲು ನಿಲ್ಲಿಸಿ ಮಣ್ಣು ಮುಚ್ಚಿದರೆ, ಆ ಮಣ್ಣು ಮತ್ತೆ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ಮಳೆ ನೀರು ಕಲ್ಲಿನ ಬುಡಕ್ಕೇ ಇಳಿಯುತ್ತದೆ. ಗಿಡದ್ದೂ ಇದೇ ಕಥೆ. ಆಲ, ಅರಳಿ, ಅತ್ತಿಯ ಬೇರು ಏರಿಯೊಳಗೆ ದೂರ ಹೋಗುತ್ತದೆ, ಮರ ಸತ್ತ ಮೇಲೆ ಬೇರು ಕೊಳೆತು ಕೊಳವೆಯಂತೆ ದಾರಿ ಬಿಡುತ್ತದೆ. ಏರಿಗೆ ಗರಿಕೆಯೇ ಅಂದ. ಹೊಂಗೆ, ನೇರಳೆ ನೆಡುವುದಾದರೆ ಏರಿಯ ಬುಡದಿಂದ ಹತ್ತು ಮಾರು ಆಚೆ ನೆಡಿ, ಎರಡು ಬೇಸಿಗೆ ಬಿಂದಿಗೆ ಹೊರುವವರ ಹೆಸರನ್ನು ಮೊದಲೇ ಗೊತ್ತು ಮಾಡಿ. ಬಿಂದಿಗೆ ಹೊರುವವರಿಲ್ಲದಿದ್ದರೆ ನೆಡಲೇಬೇಡಿ. ಒಣಗಿದ ಗಿಡದ ಪಕ್ಕ ಸತ್ತವರ ಹೆಸರಿನ ಫಲಕ ನಿಂತಿರುವುದು ನೋಡಲಾಗದ ನೋಟ. ಅನುಮತಿಯೂ ಬೇಕು: ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಿ, ಕಡಿಮೆಯಿದ್ದರೆ ಪಂಚಾಯಿತಿಯನ್ನು.

ಕಲ್ಲು ಬೇಕೇ ಬೇಕು ಎನ್ನುವವರಿಗೆ ನಾವು ಹೇಳುವುದು ಅಳತೆಗಲ್ಲು. ಕೆರೆಯಲ್ಲಿ ಎಷ್ಟಡಿ ನೀರಿದೆ ಎಂದು ದಾರಿಯಲ್ಲಿ ಹೋಗುವವರಿಗೂ ಕಾಣುವ ಗೆರೆಗಲ್ಲು. ಏಪ್ರಿಲ್–ಮೇನಲ್ಲಿ ಕೆರೆಯಂಗಳ ಒಣಗಿದಾಗ ನಿಲ್ಲಿಸಬೇಕು, ಅದೂ ಏರಿಯ ಒಳಮೈಯ ಕಲ್ಲುಕಟ್ಟಣೆಯಿಂದ ದೂರದಲ್ಲಿ. ಮೇಲಿನ ಹೂಳಿನಲ್ಲಿ ನಿಲ್ಲಿಸಿದ ಕಲ್ಲು ಮೊದಲ ನೀರಿಗೇ ವಾಲುತ್ತದೆ. ಹೂಳು ತೆಗೆದು ಗಟ್ಟಿ ನೆಲ ಸಿಗುವವರೆಗೂ ಅಗೆದು, ಕಲ್ಲಿನ ಮೂರನೇ ಒಂದು ಪಾಲು ಒಳಗಿಳಿಸಿ, ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿಯ ಕಾಂಕ್ರೀಟ್ ತುಂಬಿ. ಆಳ ಹೆಚ್ಚಿದ್ದರೆ ಒಂದೇ ಉದ್ದ ಕಲ್ಲಿನ ಹಟ ಬೇಡ. ಆಳದಲ್ಲೊಂದು, ಇಳಿಜಾರಿನ ಮೇಲೊಂದು, ಹೀಗೆ ಮೆಟ್ಟಿಲಾಗಿ ನಿಲ್ಲಿಸಿ, ಒಂದರ ಗೆರೆ ಮುಗಿದಲ್ಲಿ ಇನ್ನೊಂದರದ್ದು ಶುರುವಾಗಲಿ.

ತೂಬಿನ ಕಂಡಿಯ ತಳವೇ ಸೊನ್ನೆ. ಅಲ್ಲಿಂದ ಅರ್ಧ ಅಡಿಗೊಂದು ಗೆರೆ, ಕೆರೆ ತುಂಬಿ ಕೋಡಿ ಹರಿಯುವ ಮಟ್ಟಕ್ಕೆ ಕೆಂಪು ಗೆರೆ. ಮಟ್ಟ ಸಾಗಿಸಲು ಗಾರೆಯವರು ನೀರು ತುಂಬಿ ಮಟ್ಟ ನೋಡುವ ಪೈಪು ಸಾಕು, ಆದರೆ ಒಳಗೆ ಗಾಳಿ ಗುಳ್ಳೆ ಕೂತರೆ ಮಟ್ಟ ಸುಳ್ಳಾಗುತ್ತದೆ. ಕೋಡಿ ದೂರವಿದ್ದರೆ ಪ್ರತಿ ಸಲ ಪೈಪು ಎತ್ತಿಡುವಾಗಲೂ ಚೂರು ಚೂರು ತಪ್ಪು ಸೇರುತ್ತದೆ. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ ಅಳೆಯಿರಿ. ಒಂದಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಿ. ಗೆರೆ, ಅಂಕಿ ಎಲ್ಲ ಕೊರೆಸಬೇಕು, ಬರೀ ಬಣ್ಣ ಪಾಚಿಗೆ ನಿಲ್ಲುವುದಿಲ್ಲ. ಕೆತ್ತನೆಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವರಿದ್ದಾರೆ. ಹಳೆಯ ತೂಬಿನ ಕಲ್ಲುಕಂಬಗಳೇ ನೀರಲ್ಲಿ ನಿಂತಿದ್ದರೆ ಹೊಸ ಕಲ್ಲು ಬೇಕಿಲ್ಲ. ಆದರೆ ಅವುಗಳ ಮೇಲೆ ಉಳಿ ಇಡಬೇಡಿ, ಶಾಸನವೋ ಶಿಲ್ಪವೋ ಇರಬಹುದು. ಅಲ್ಲಿ ಮಾತ್ರ ಬಣ್ಣವೇ ಇರಲಿ, ವರ್ಷ ವರ್ಷ ಹಚ್ಚಿದರಾಯಿತು. ಹೆಸರನ್ನು ಕೆಂಪು ಗೆರೆಗಿಂತ ಮೇಲೆ ಬರೆಸಿ, ಕೆರೆ ತುಂಬಿದಾಗಲೂ ಕಾಣಬೇಕಲ್ಲ. "ಕೆರೆ ರತ್ನ" ಗಿರತ್ನ ಬೇಡ. ಹೆಸರು, ಇಷ್ಟು ವರ್ಷ ತೂಬು ನೋಡಿಕೊಂಡರು, ಅಷ್ಟೇ.

ಚಂದಾ ಉಳಿದರೆ? ನಮ್ಮ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ಮಾತುಗಳಿವೆ: ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟುಕೊಟ್ಟ ಭೂಮಿ. ಇವತ್ತು ಭೂಮಿ ಬಿಡುವವರಿಲ್ಲ, ಠೇವಣಿ ಇಡಬಹುದು. 50,000 ರೂಪಾಯಿಗೆ ಶೇಕಡಾ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 3,500. ಅದರಲ್ಲಿ ಹೂಳೆತ್ತುವ ಕನಸು ಕಾಣಬೇಡಿ. ಗ್ರೀಸು, ಬೀಗ, ಬಣ್ಣ, ಹಗ್ಗಕ್ಕೆ ಆಗುತ್ತದೆ. ಖಾತೆ ಸಂಘದ ಹೆಸರಲ್ಲಿ, ಇಬ್ಬರ ಸಹಿಯಲ್ಲಿರಲಿ.

ಅವರ ನೆನಪಿಗೆ ಕೆರೆಯಲ್ಲಿ ಈಜು ಸ್ಪರ್ಧೆ, ತೆಪ್ಪದ ಪಂದ್ಯ ಇಡೋಣವೇ ಎಂದೂ ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸುವ ಕೆರೆಗಳಲ್ಲಿ ಖಂಡಿತ ಬೇಡ. ಆ ನೀರು ಬಿಟ್ಟಿರುವುದು ಅಂತರ್ಜಲಕ್ಕೆ, ಮಕ್ಕಳ ಬಾಯಿಗಲ್ಲ.

ಅದರ ಬದಲು ತೂಬಿನ ಹತ್ತಿರ ಒಂದು ಕಂಬ ನೆಟ್ಟು, ಅದಕ್ಕೊಂದು ಜೀವರಕ್ಷಕ ಬಳೆ, ಅಂದರೆ ಮುಳುಗುವವರಿಗೆ ಎಸೆಯುವ ತೇಲು ಬಳೆ, ನೇತುಹಾಕಿ. ಕಂಬ ಏರಿಯಾಚೆಯ ಗಟ್ಟಿ ನೆಲದಲ್ಲಿರಲಿ. ಬಳೆಯ ತೂಕ ಎರಡೂವರೆ ಕೆಜಿ, ಕಿತ್ತಳೆ ಬಣ್ಣ, ಜೊತೆಗೆ 30 ಮೀಟರ್ ತೇಲುವ ಹಗ್ಗ. ಅಂಗಡಿಯವರು ನೈಲಾನ್ ಕೊಡುತ್ತಾರೆ, ಅದು ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿ ನೋಡಿಯೇ ಕೊಳ್ಳಿ. ಬಳೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೆ ಬೀಗ ಹಾಕಬೇಡಿ. ದನ ಕಟ್ಟಲು ಹಗ್ಗ ಕದಿಯುತ್ತಾರೆ ಎಂಬ ಭಯ ನಿಜವೇ, ಆದರೆ ಬಳೆಯ ಮೇಲೆ ದೊಡ್ಡದಾಗಿ ಅವರ ಹೆಸರು ಬರೆದಿದ್ದರೆ ಕೈ ಹಾಕುವವರು ಕಡಿಮೆ. ಬಿಸಿಲಿಗೆ ಹಗ್ಗದ ಎಳೆ ಪುಡಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ. ವರ್ಷದ ತಿಥಿಗೆ ಮನೆಯವರು ಎಡೆ ಇಡುವ ದಿನ ಬಳಗದವರು ಹೋಗಿ ಹಗ್ಗ ನೋಡಿ, ಬೇಕಿದ್ದರೆ ಬದಲಿಸಿ ಬರಲಿ.